ಎಡಗಾಲಿನ ಹೂವು

ಸರಗೂರಿನಲ್ಲಿ ನಮ್ಮ ಎದುರುಮನೆಯಲ್ಲಿದ್ದ ಅಕ್ಕನಿಗೆ ಹರಿದ ಬಟ್ಟೆ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. "ಇದೇನೂ ಆಳಾಗಿಲ್ಲ ಬುಡು, ಒಂದು ಊವ ಕೇಳ್ತದೆ ಅಷ್ಟೆಯ" ಎನ್ನುತ್ತ, ಟೈಲರ್ ಅಂಗಡಿಯಿಂದ ಕೇಳಿ ತಂದ ರವಿಕೆ ಚೂರುಗಳನ್ನು ಮಡಿಲಲ್ಲಿ ಹರವಿಕೊಳ್ಳುತ್ತಿದ್ದರು. ಕತ್ತರಿ ಪಕ್ಕದಲ್ಲೇ ಇದ್ದರೂ ದಾರವನ್ನು ಹಲ್ಲಿನಲ್ಲೇ ಕಡಿಯುತ್ತಿದ್ದರು.

ಅವರ ಮಗಳಿಗೆ ಹುಟ್ಟಿನಿಂದಲೇ ಎಡಗಾಲು ಸೊರಗಿತ್ತು. ಕಾಲಿಗೆ ಕಟ್ಟುವ ಕಬ್ಬಿಣದ ಪಟ್ಟಿ ಒಳಗಿನಿಂದ ಉಜ್ಜಿ ಉಜ್ಜಿ, ಅವಳ ಹಳೆಯ ಜೀನ್ಸ್ ಪ್ಯಾಂಟು ಯಾವಾಗಲೂ ಎಡ ಮಂಡಿಯಲ್ಲೇ ಸವೆದು ಹರಿಯುತ್ತಿತ್ತು. ಅಕ್ಕ ಅಲ್ಲಿಗೆ ಕೆಂಪು ಚೂರಿನ ಹೂವೊಂದನ್ನು ಹೊಲಿದು, ಅಂಥದೇ ಇನ್ನೊಂದನ್ನು ಬಲ ಮಂಡಿಗೂ ಹೊಲಿಯುತ್ತಿದ್ದರು. ಸೊರಗಿದ ಕಾಲು ಯಾವುದೆಂದು ನೋಡಿದವರಿಗೆ ತಿಳಿಯಬಾರದು ಎಂಬುದು ಅವರ ಆಸೆ.

ಮಗಳು ಪಕ್ಕದ ಕೋಟೆ ಪಟ್ಟಣದ ಕಾಲೇಜಿಗೆ ಸೇರಿದ ವರ್ಷ ಒಂದು ಭಾನುವಾರ, ಅವರು ಬಲ ಮಂಡಿಯ ಹೂವಿಗೆ ಎಸಳು ತುಂಬುತ್ತಿದ್ದಾಗ, ಅವಳು ಪ್ಯಾಂಟನ್ನು ಮೆಲ್ಲಗೆ ತನ್ನತ್ತ ಎಳೆದುಕೊಂಡಳು.

"ನಾನು ನಡುದ್ರೆ ಎಲ್ರುಗೂ ಗೊತ್ತಾಯ್ತದೆ ಕಣವ್ವ. ಮುಚ್ಚೋಕೆ ಯಾಕೆ ಇಷ್ಟೊಂದು ಕಷ್ಟ ಬೀಳ್ತೀಯ? ಆಕೋದಾದ್ರೆ ಎಡಗಾಲಿಗೇ ಚೆಂದಾಗಿ ಆಕು."

ಅಕ್ಕ ಪ್ಯಾಂಟನ್ನು ಮತ್ತೆ ಮಡಿಲಿಗೆ ತೆಗೆದುಕೊಂಡು, ಬಲ ಮಂಡಿಯ ಹೊಲಿಗೆಯನ್ನು ಬ್ಲೇಡಿನಿಂದ ಒಂದೊಂದಾಗಿ ಬಿಚ್ಚಿದರು. ಆ ವಾರವೆಲ್ಲ ಕೂತು, ಎಡಗಾಲಿಗೆ ಮಂಡಿಯಿಂದ ಪಾದದವರೆಗೆ ಕೆಂಪು, ಹಳದಿ ಹೂವಿನ ಬಳ್ಳಿ ಹಬ್ಬಿಸಿದರು.

ಮಗಳು ಅದನ್ನು ತೊಟ್ಟು ಬಸ್ಸಿಗೆ ಹೊರಟ ಬೆಳಿಗ್ಗೆ, ಅಕ್ಕ ಬಾಗಿಲಲ್ಲಿ ನಿಂತು ನನ್ನನ್ನು ಕೇಳಿದರು: "ಅಷ್ಟು ದೂರಕ್ಕೂ ಕಾಣ್ತದಾ?"

"ಕಾಣ್ತದೆ ಅಕ್ಕ."

"ಕಾಣ್ಲಿ ಬುಡು" ಎಂದರು. ಮಗಳು ತಿರುವು ದಾಟುವವರೆಗೂ ಒಳಗೆ ಹೋಗಲಿಲ್ಲ.