ಕಂಬಳಿ ಹೊದ್ದ ಹೊಲಿಗೆ ಮಿಷನ್ನು

ಸೇಬಿನಿಂದಲೇ ಶುರು ಮಾಡೋಣ. ಕುಶನ್ ಮಾಸ್ಟರ್ ಎಂಥ ಮನುಷ್ಯ ಎಂದು ತಿಳಿಯಲು ಅಷ್ಟು ಸಾಕು. ವಾರಕ್ಕೊಮ್ಮೆ ಸೇಬು ತರುತ್ತಿದ್ದರು. ಅಂಗಡಿಯವನ ತಲೆ ತಿಂದು, ಒಂದೊಂದನ್ನೂ ತಿರುಗಿಸಿ ನೋಡಿ, ಗಟ್ಟಿಯಾದದ್ದನ್ನೇ ಆರಿಸಿ ತರುತ್ತಿದ್ದರು. ಮನೆಗೆ ಬಂದು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ದಾರಿಯಲ್ಲಿ ಪೆಟ್ಟು ಬಿದ್ದದ್ದು ಯಾವುದೆಂದು ಹುಡುಕಿ ಅದನ್ನು ಮೊದಲು ತಿನ್ನುತ್ತಿದ್ದರು. ಕೆಡುವುದು ಮೊದಲು ಮುಗಿಯಲಿ, ಒಳ್ಳೆಯದು ಇರಲಿ ಎಂಬ ಲೆಕ್ಕ. ಮಾರನೆಯ ದಿನ ಇನ್ನೊಂದರ ಮೇಲೆ ಕಪ್ಪು ಚುಕ್ಕೆ ಬಂದಿರುತ್ತಿತ್ತು, ಅವತ್ತು ಅದರ ಸರದಿ. ಹೀಗೆ ಬದುಕಿಡೀ ಒಳ್ಳೆಯ ಸೇಬನ್ನೇ ಕೊಂಡು ಕೊಳೆತ ಸೇಬನ್ನೇ ತಿಂದ ಮಹಾನುಭಾವರು ಅವರು. ಇದಕ್ಕೆ ಅವರು ಇಟ್ಟ ಹೆಸರು ಜೋಪಾನ.

ಬೀದಿಯವರು ಅವರಿಗೆ ಇಟ್ಟ ಹೆಸರೂ ಅದೇ: ಜೋಪಾನ ಮಾಸ್ಟರ್. ಹರಿದ ಸೋಫಾ, ಕಿತ್ತುಹೋದ ಕುರ್ಚಿ, ಸ್ಪ್ರಿಂಗು ಹೊರಬಂದ ದಿವಾನ, ಏನು ತಂದರೂ ಬಟ್ಟೆ ಹಾಕಿ ಹೊಸದು ಮಾಡಿ ಕೊಡುತ್ತಿದ್ದರು. ಊರಿನವರ ಸೋಫಾಗಳೆಲ್ಲ ಹೊಳೆಯುತ್ತಿದ್ದವು. ಅವರ ಮನೆಯ ಸೋಫಾ ಮಾತ್ರ ಹೇಗಿದೆಯೆಂದು ಕಂಡವರಿಲ್ಲ. ಅದರ ಮೇಲೊಂದು ಪ್ಲಾಸ್ಟಿಕ್, ಪ್ಲಾಸ್ಟಿಕ್ಕಿನ ಮೇಲೊಂದು ಹಾಸು, ಹಾಸು ಕೊಳೆಯಾಗದಿರಲೆಂದು ಅದರ ಮೇಲೊಂದು ಹಳೆಯ ಹಾಸು. ಹೊಸ ಅಂಗಿ ಪೆಟ್ಟಿಗೆಯಲ್ಲಿಟ್ಟರೆ ಅದು ಹೊರಗೆ ಬರುವ ಹೊತ್ತಿಗೆ ಅವರಿಗೆ ಹೊಟ್ಟೆ ಬಂದಿರುತ್ತಿತ್ತು. ಟಿ.ವಿ. ರಿಮೋಟಿನ ಗುಂಡಿಗಳನ್ನು ಪ್ಲಾಸ್ಟಿಕ್ ಚೀಲದ ಮೇಲಿಂದಲೇ ಒತ್ತಬೇಕು. ಯಾರಾದರೂ ನಕ್ಕರೆ, "ಇಟ್ಟಿದ್ದು ಎಲ್ಲಿಗೂ ಹೋಗಲ್ಲ ಕಣಯ್ಯ" ಎನ್ನುತ್ತಿದ್ದರು.

ಅಂಥವರು ಹನ್ನೊಂದು ವರ್ಷದ ಹಿಂದೆ ಒಂದು ದೊಡ್ಡ ಸಾಹಸ ಮಾಡಿದ್ದರು. ದಪ್ಪ ರೆಕ್ಸಿನನ್ನೂ ಬೆಣ್ಣೆಯಂತೆ ಹೊಲಿಯುವ, ಮೋಟಾರಿನ ಹೊಸ ಮಿಷನ್ನೊಂದನ್ನು ಕೊಂಡಿದ್ದರು. ಅದು ಮನೆಗೆ ಬಂದ ದಿನ ಹೆಂಡತಿಯ ಮುಖ ಅರಳಿತ್ತು. ಮದುವೆಗೆ ಮುಂಚೆ ಹೊಲಿಗೆ ಕಲಿತ ಕೈ ಅವರದು. ಚಕ್ರದ ಮೇಲೆ ಕೈಯಿಟ್ಟು, "ರೀ, ಒಂದು ಸಲ ಹೊಲಿದು ನೋಡ್ಲಾ?" ಎಂದು ಕೇಳಿದ್ದರು.

"ಅಯ್ಯೋ, ಮುಟ್ಟಬೇಡ! ಒಳ್ಳೆ ಕೆಲಸ ಬರಲಿ, ಆಗ ಬಿಚ್ಚೋಣ" ಎಂದರು ಮಾಸ್ಟರ್.

ಅಂಗಡಿಯಲ್ಲಿ ಧೂಳು ಎಂದು ಅದನ್ನು ಮನೆಯ ಹಿಂದಿನ ಕೋಣೆಯಲ್ಲೇ ಇರಿಸಿದರು. ಪ್ಲಾಸ್ಟಿಕ್ ಸುತ್ತಿ, ಬೆಡ್‌ಶೀಟು ಹೊದಿಸಿ, ಮೇಲೆ ಕಂಬಳಿ ಹಾಕಿ, ಹಗ್ಗದಿಂದ ತಮ್ಮದೇ ಆದ ಗಂಟು ಬಿಗಿದರು. ಪ್ರತಿ ಭಾನುವಾರ ಆ ಕಂಬಳಿಯ ಧೂಳು ಒರೆಸುವುದು ಅವರ ನೇಮ. ಒಮ್ಮೆಯೂ ಬಿಚ್ಚಿ ನೋಡಲಿಲ್ಲ, ಬಿಚ್ಚಿದರೆ ಧೂಳು ಒಳಗೆ ಹೋಗುತ್ತದಲ್ಲ! ಅಂಗಡಿಯಲ್ಲಿ ಮಿಕ್ಕ ರೆಕ್ಸಿನ್ ತುಂಡುಗಳನ್ನೂ ಮುಂದೆ ಬೇಕಾದೀತೆಂದು ಅದೇ ಕೋಣೆಯಲ್ಲಿ ಮೂಟೆ ಕಟ್ಟಿ ಇಡುತ್ತಿದ್ದರು. ಮೂಟೆಗಳು ಆಗಾಗ ಸಣ್ಣದಾಗುತ್ತಿದ್ದವು. ಇಲಿ ಎಂದುಕೊಂಡು ಬೋನು ಇಟ್ಟರು. ಕರೆಂಟ್ ಬಿಲ್ಲು ಯಾಕೋ ಜಾಸ್ತಿ ಬರುತ್ತಿತ್ತು. ಮೀಟರು ಕಳ್ಳ ಎಂದು ಬೈದುಕೊಂಡರು. ಬೋನಿಗೆ ಇಲಿ ಬೀಳಲಿಲ್ಲ, ಮೀಟರು ತಪ್ಪೊಪ್ಪಿಕೊಳ್ಳಲಿಲ್ಲ.

ಹಾಗೆಂದು ಒಳ್ಳೆಯ ಕೆಲಸ ಬರಲಿಲ್ಲವೇ? ಬಂದಿತ್ತು. ಬಸ್ಸಿನ ಸೀಟುಗಳ ಕೆಲಸ ಬಂದಾಗ, "ಬಸ್ಸಿನ ಸೀಟಿಗೆ ಹೊಸ ಮಿಷನ್ನಾ?" ಎಂದು ಮೂಗು ಮುರಿದರು. ಆ ಕೆಲಸ ಹಿಡಿದ ಎದುರಂಗಡಿಯವನು ಈಗ ಎರಡು ಮಹಡಿಯ ಅಂಗಡಿ ಕಟ್ಟಿಸಿದ್ದಾನೆ. ಆಸ್ಪತ್ರೆಯ ಮಂಚಗಳ ಕೆಲಸ ಬಂದಾಗ ಹಳೆಯ ಮಿಷನ್ನು ತಡೆಯುವುದಿಲ್ಲ ಎಂದು ಕೈ ಬಿಟ್ಟರು. ತಡೆಯುವ ಮಿಷನ್ನು ಮನೆಯಲ್ಲಿ ಕಂಬಳಿ ಹೊದ್ದು ಮಲಗಿತ್ತು ಎನ್ನುವುದು ಆಗ ಅವರಿಗೆ ನೆನಪಾಗಲಿಲ್ಲವೆಂದಲ್ಲ. ಆ ಕೆಲಸವೂ ಅವರ ಕಣ್ಣಿಗೆ ಅಷ್ಟು ಒಳ್ಳೆಯದಾಗಿ ಕಾಣಲಿಲ್ಲ.

ಕಾಲ ಸುಮ್ಮನೆ ಕೂತಿರುತ್ತದೆಯೇ? ಜನ ಹರಿದ ಸೋಫಾಕ್ಕೆ ಬಟ್ಟೆ ಹಾಕಿಸುವುದನ್ನು ಬಿಟ್ಟು ಹೊಸದನ್ನೇ ತರತೊಡಗಿದರು. ಮಾಸ್ಟರ್ ನೊಣ ಹೊಡೆಯುತ್ತ ಕೂರುವ ದಿನಗಳು ಬಂದವು. ಅಂಗಡಿಗೆ ಬೀಗ ಹಾಕುವುದೇ ಸೈ ಎನ್ನುವಾಗ, ದೇವರು ಕಣ್ಣು ಬಿಟ್ಟಂತೆ ನಾಟಕಮಂದಿರದ ಯಜಮಾನಿ ಬಂದರು.

"ಮಾಸ್ಟ್ರೇ, ಮಂದಿರದ ಸೀಟೆಲ್ಲಾ ಹರಿದು ಹೋಗಿದೆ. ಮೊದಲನೇ ಸಾಲು ಮಾಡಿ ತೋರಿಸಿ. ಹಿಡಿಸಿದ್ರೆ ಪೂರ್ತಿ ಮಂದಿರ ನಿಮಗೇ. ಹಿಡಿಸ್ಲಿಲ್ಲಾಂದ್ರೆ ಬೇಜಾರು ಮಾಡ್ಕೋಬಾರ್ದು."

ಮಾಸ್ಟರ್ ಹಳೆಯ ಮಿಷನ್ನಿನಲ್ಲೇ ಶುರು ಮಾಡಿದರು. ಮೊದಲ ಸೀಟು ಮುಗಿಯುವ ಮುನ್ನವೇ ಅದು ಕರ್ ಎಂದು ಕೂಗಿ ನಿಂತಿತು. ರಿಪೇರಿಯವನು ಬಂದು ಒಳಗೆಲ್ಲ ಇಣುಕಿ, ಹೆಣ ನೋಡಿದವನಂತೆ ತಲೆಯಾಡಿಸಿದ. "ಇದರ ಕಥೆ ಮುಗೀತು. ಹೊಸದು ಇದೆ ಅಂತಿದ್ರಲ್ಲ?"

"ಇದೆ. ಇನ್ನೂ ಬಿಚ್ಚೇ ಇಲ್ಲ."

"ಬಿಚ್ಚೇ ಇಲ್ವಾ? ಅಷ್ಟು ವರ್ಷ ನಿಂತಿದ್ರೆ ಎಣ್ಣೆ ಗೋಂದಾಗಿರುತ್ತೆ, ಬೆಲ್ಟು ಪುಡಿ ಆಗಿರುತ್ತೆ. ಓಡಿಸ್ತಾ ಇದ್ರೆ ಮಾತ್ರ ಮಿಷನ್ನು. ಸುಮ್ನೆ ಇಟ್ರೆ ಅದು ಬರೀ ಕಬ್ಬಿಣ ಮಾಸ್ಟ್ರೇ."

ಮಾಸ್ಟರ್ ಅವನನ್ನೂ ಕರೆದುಕೊಂಡು ಮನೆಗೆ ಓಡಿದರು. ಹಿಂದಿನ ಕೋಣೆಗೆ ನುಗ್ಗಿ ಗಂಟು ಬಿಚ್ಚಿದರು. ಹೆಂಡತಿ ಬಾಗಿಲ ಬಳಿ ನಿಂತಿದ್ದರು. ಕಂಬಳಿ ಹೋಯಿತು, ಬೆಡ್‌ಶೀಟು ಹೋಯಿತು, ಪ್ಲಾಸ್ಟಿಕ್ಕೂ ಹೋಯಿತು. ರಿಪೇರಿಯವನು ಸ್ವಿಚ್ಚು ಹಾಕಿ ಪೆಡಲು ಒತ್ತಿದ. ಮಿಷನ್ನು ಗುಂಯ್ ಎಂದು ಓಡಿತು, ನಿನ್ನೆಯೂ ಓಡಿದಂತೆ!

"ನೋಡಿದ್ಯಾ?" ಮಾಸ್ಟರ್ ಕುಣಿದಾಡುವುದೊಂದು ಬಾಕಿ. "ಗೋಂದಂತೆ, ಪುಡಿಯಂತೆ! ಜೋಪಾನ ಅಂದ್ರೆ ಏನು ಅಂತ ಈಗಾದ್ರೂ ಗೊತ್ತಾಯ್ತಾ? ತಾಳಿದವನು ಬಾಳಿಯಾನು ಅಂತ ಸುಮ್ನೆ ಹೇಳಿಲ್ಲ!"

ರಿಪೇರಿಯವನು ಬೆಲ್ಟು ಮುಟ್ಟಿ ನೋಡಿದ, ಎಣ್ಣೆ ಮುಟ್ಟಿ ನೋಡಿದ. ಆಮೇಲೆ ಬಾಗಿಲ ಕಡೆ ನೋಡಿ, "ಇನ್ನು ನನ್ನ ಕೆಲಸ ಏನೂ ಇಲ್ಲ ಅಕ್ಕಾ, ಬರ್ತೀನಿ" ಎಂದು ಹೊರಟೇಬಿಟ್ಟ. ಬುದ್ಧಿವಂತ.

ಮಾಸ್ಟರ್ ದಾರ ಹಾಕಲು ಬಾಬಿನ್ ತೆಗೆದರು. ಅದರಲ್ಲಿ ಆಗಲೇ ದಾರವಿತ್ತು. ಕೆಂಪು ದಾರ, ಅರ್ಧ ಖರ್ಚಾಗಿತ್ತು. ಹೊಸ ಮಿಷನ್ನಿನ ಬಾಬಿನ್ನಿನಲ್ಲಿ ದಾರವೆಲ್ಲಿಂದ ಬರಬೇಕು? ಕೆಳಗಿನ ತಟ್ಟೆಯಲ್ಲಿ ರೆಕ್ಸಿನ್ನಿನ ಚೂರುಗಳು ಬಿದ್ದಿದ್ದವು. ಹಲ್ಲಿನ ಡಾಕ್ಟರ ಕುರ್ಚಿಗೆ ತಾವು ಹಾಕಿದ್ದ ಕೆಂಪು ರೆಕ್ಸಿನ್. ಆಗ ಅವರಿಗೆ ಸಂತೆಯಲ್ಲಿ ಹೆಂಗಸರ ಕೈಯಲ್ಲಿ ಕಂಡಿದ್ದ ಕೆಂಪು ಚೀಲಗಳು ನೆನಪಾದವು. ಒಮ್ಮೆ ಒಂದನ್ನು ತಿರುಗಿಸಿ ನೋಡಿ, "ಯಾವನೋ ಪಳಗಿದ ಕೈ" ಎಂದು ಹೊಗಳಿಯೂ ಇದ್ದರು.

"ನೀನಾ?" ಎಂದರು.

"ನಾನೇ."

"ಎಷ್ಟು ದಿನದಿಂದ?"

"ನೀವು ಕಂಬಳಿ ಹೊದಿಸಿದ ಮಾರನೇ ವಾರದಿಂದ. ನೀವು ಅಂಗಡಿಗೆ ಹೋದ್ಮೇಲೆ ಬಿಚ್ತಿದ್ದೆ, ಬರೋಷ್ಟರಲ್ಲಿ ಕಟ್ತಿದ್ದೆ. ನಿಮ್ಮ ಗಂಟು ಕಲಿಯೋಕೇ ಮೂರು ದಿನ ಬೇಕಾಯ್ತು."

ಮಾಸ್ಟರಿಗೆ ಮೊದಲು ಬಂದದ್ದು ಸಿಟ್ಟು. ಹೊಸ ಮಿಷನ್ನು ಹಳೆಯದಾಯಿತಲ್ಲ ಎಂಬ ಸಂಕಟ! ಅದರ ಹಿಂದೆಯೇ ನಾಚಿಕೆ ಬಂತು. ಇಷ್ಟು ಭಾನುವಾರ ತಾವು ಆ ಕಂಬಳಿ ಒರೆಸುವಾಗ ಇವಳು ಅಡುಗೆಮನೆಯಲ್ಲಿ ಹೇಗೆ ನಗು ತಡೆದುಕೊಂಡಳೋ.

"ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ದೆನಲ್ಲ. ಒಳ್ಳೆ ಕೆಲಸ ಬರಲಿ ಅಂದ್ರಿ. ನಂಗೆ ಬಂದಿದ್ದೇ ಒಳ್ಳೆ ಕೆಲಸ ಅನ್ನಿಸ್ತು."

ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ. ಅರ್ಧ ಸಾಲು ನೀನು ಹೊಲಿ, ಅರ್ಧ ಸಾಲು ನಾನು ಹೊಲಿಯುತ್ತೇನೆ ಎಂದರು ಮಾಸ್ಟರ್. ಹೆಂಡತಿ ಕೂತರೆ ಮಿಷನ್ನು ಗಾಳಿಯಂತೆ ಓಡುತ್ತಿತ್ತು. ಮಾಸ್ಟರ್ ಕೂತರೆ ಆಮೆಯಂತೆ ತೆವಳುತ್ತಿತ್ತು. ಎಲ್ಲಿ ಸವೆದೀತೋ ಎಂದು ಪೆಡಲಿನ ಮೇಲೆ ಅವರ ಪಾದ ಪೂರ್ತಿ ಊರುತ್ತಲೇ ಇರಲಿಲ್ಲ. ನಿಂತು ನಿಂತು ಓಡಿದ ಹೊಲಿಗೆ ಅಲ್ಲಲ್ಲಿ ಸೊಟ್ಟಗಾಯಿತು. ಹೆಂಡತಿ ಅದನ್ನು ನೋಡಿ, ತಮ್ಮ ಪಾಲಿನ ಸೀಟು ಎತ್ತಿಕೊಂಡರು.

ಸೀಟುಗಳನ್ನು ಮಂದಿರದಲ್ಲಿ ಕೂರಿಸಿದ ದಿನ ಯಜಮಾನಿ ಸಾಲಿನ ಈ ತುದಿಯಿಂದ ಆ ತುದಿಗೆ ಬೆರಳಾಡಿಸುತ್ತ ನಡೆದರು. ನಡುವಿನಲ್ಲಿ ನಿಂತರು. ಮತ್ತೆ ಹಿಂದಕ್ಕೆ ಬಂದರು. ಅಂಗಡಿ ಉಳಿಯುವುದೋ ಮುಳುಗುವುದೋ ಆ ಬೆರಳಿನ ಮೇಲಿತ್ತು.

"ಮಾಸ್ಟ್ರೇ, ಈ ಕಡೆ ಸೀಟುಗಳು ನಂಗೆ ಬೇಡ. ಆ ಕಡೇದು ಇದ್ಯಲ್ಲ, ಅದು ಬೇಕು. ಎಲ್ಲಾ ಸೀಟಿಗೂ ಅದೇ ಕೈ ಆಗಬೇಕು. ಆಗತ್ತಾ?"

ಆಗುತ್ತೆ ಎಂದು ಹೇಳಿ ಸುಮ್ಮನಾಗಬಹುದಿತ್ತು. ಹಾಗೆ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹೆಂಡತಿ ಬಾಗಿಲ ಹತ್ತಿರ ದಾರದ ಉಂಡೆ ಹಿಡಿದು ನಿಂತಿದ್ದರು, ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ ಹಾಗೆಯೇ. ಮಾಸ್ಟರ್ ಅತ್ತ ತಿರುಗಿ ನೋಡಿದರು. ಜೀವಮಾನದಲ್ಲಿ ಮೊದಲ ಸಲ ಮನೆಯ ಒಳ್ಳೆಯ ವಸ್ತುವೊಂದನ್ನು ನಾಲ್ಕು ಜನರ ಮುಂದೆ ಬಿಚ್ಚಿ ತೋರಿಸಿದರು.

"ಅದು ನನ್ನ ಕೈಯಲ್ಲ ಅಮ್ಮಾ. ನನ್ನ ಹೆಂಡತಿದು. ನನಗಿಂತ ಚೆನ್ನಾಗಿ ಹೊಲೀತಾಳೆ."

"ಹಾಗಾದ್ರೆ ಕೆಲಸ ಅವರದ್ದು" ಎಂದರು ಯಜಮಾನಿ. "ನೀವು ಜೊತೇಲಿರಿ, ಫ್ರೇಮು ಬಿಗಿಯೋಕೆ ಜನ ಬೇಕಲ್ಲ."

ಮನೆಗೆ ಬರುವಾಗ ಮಾಸ್ಟರ್ ಹಗುರಾಗಿದ್ದರು. ಸ್ವಲ್ಪ ನೋವೂ ಇತ್ತು, ಇಲ್ಲವೆಂದರೆ ಸುಳ್ಳಾದೀತು. ಆದರೆ ಅಂಗಡಿ ಉಳಿದಿತ್ತು. ಇನ್ನು ಮೇಲೆ ಯಾವುದನ್ನೂ ಕಟ್ಟಿಡುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದರು. ಮನೆಗೆ ಬಂದವರೇ ಮಿಷನ್ನಿನ ಪ್ಲಾಸ್ಟಿಕ್ಕನ್ನು ನಾಲ್ಕು ಮಡಿಕೆ ಮಾಡಿ ಅಟ್ಟದ ಮೇಲಿಟ್ಟರು, ಮುಂದೆ ಬೇಕಾದೀತೆಂದು.

ಆಮೇಲೆ ಮೇಜಿನ ಮುಂದೆ ಕೂತು, ಸೇಬಿನ ಸಾಲಿಗೆ ಕೈ ಹಾಕಿದರು. ಕೈ ತಾನಾಗಿಯೇ ಕಪ್ಪು ಚುಕ್ಕೆಯದನ್ನು ಎತ್ತಿಕೊಂಡಿತು. ಒಂದು ತುಂಡು ಕಚ್ಚಿ ತಲೆಯೆತ್ತಿದರೆ, ಎದುರಿಗೆ ಹೆಂಡತಿ ಎಲ್ಲಕ್ಕಿಂತ ಕೆಂಪಗಿದ್ದ, ಒಂದು ಗೀರೂ ಇಲ್ಲದ ಸೇಬನ್ನು ಕರುಮ್ ಎಂದು ಕಚ್ಚುತ್ತಿದ್ದರು. ಗಾಬರಿಯಿಲ್ಲ, ಮುಚ್ಚುಮರೆಯಿಲ್ಲ, ದಿನವೂ ತಿನ್ನುವವರ ಹಾಗೆ.

"ನೀನು ಯಾವಾಗಲೂ ಅದನ್ನೇ ತಿನ್ನೋದಾ?" ಎಂದರು ಮಾಸ್ಟರ್, ಮೆಲ್ಲಗೆ.

"ಹೂಂ ಮತ್ತೆ. ತಂದ ದಿನಾನೇ. ನೀವು ನೋಡೇ ಇಲ್ವಾ?"

ಮಾಸ್ಟರ್ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದರು. ಇಷ್ಟು ವರ್ಷ ಈ ಮನೆಯಲ್ಲಿ ಕೊಳೆತ ಸೇಬು ತಿಂದದ್ದು ತಾವೊಬ್ಬರೇ.