ಎದೆಯ ಮೇಲೆ ಮಲಗಿದ ಮಗು

ಕಾಫಿ ಹೂ ಬಿಟ್ಟ ದಿನಗಳಲ್ಲಿ ನಮ್ಮ ಆಸ್ಪತ್ರೆಯ ಫಿನಾಯಿಲ್ ವಾಸನೆ ಸೋತುಹೋಗುತ್ತದೆ. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಪಕ್ಕದಲ್ಲಿರುವ ಈ ಪುಟ್ಟ ಆಸ್ಪತ್ರೆಯಲ್ಲಿ ನಾನು ಮಕ್ಕಳ ವೈದ್ಯೆ. ಆ ಪರಿಮಳ ಕಿಟಕಿಯಿಂದ ಒಳಬಂದಾಗ ಇಡೀ ವಾರ್ಡು ಮಂಚಗಳ ಸಮೇತ ನೆಲಬಿಟ್ಟು ತೇಲುತ್ತಿದೆಯೇನೋ ಎಂದು ನನಗೆ ಅನ್ನಿಸುವುದುಂಟು. ಅಂಥದೊಂದು ಬೆಳಗ್ಗೆ ಸುಜಾತಾಳಿಗೆ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣುಮಗು, ಉಸಿರಾಟ ಸರಿಯಾಗಿತ್ತು, ಆದರೆ ತೀರಾ ಸಣ್ಣದು, ಪಾದ ಮುಟ್ಟಿದರೆ ತಣ್ಣಗೆ.

ಇಂಥ ಮಕ್ಕಳನ್ನು ಶಾಖದ ಯಂತ್ರದಡಿ ಮಲಗಿಸಿ ತಾಯಿಯನ್ನು ದೂರವಿಡುವುದು ನಮ್ಮಲ್ಲಿ ರೂಢಿಯಾಗಿತ್ತು. ಹುಟ್ಟಿದ ಕೂಡಲೇ ಬರಿಮೈಗೆ ಬರಿಮೈ ತಾಗುವಂತೆ ತಾಯಿಯ ಎದೆಗೊರಗಿಸಿ ಬಹುಹೊತ್ತು ಇಟ್ಟರೆ ಹೆಚ್ಚು ಮಕ್ಕಳು ಉಳಿಯುತ್ತವೆ ಎಂಬ ಸಂಶೋಧನೆಗಳನ್ನು ನಾನು ಓದಿದ್ದೆ. ಯೋಚಿಸಿ ನೋಡಿ, ಎಲ್ಲೆಲ್ಲಿಯದೋ ಅರಿವು ಬೆಟ್ಟ ಕಡಲು ದಾಟಿ ನನ್ನ ಮೊಬೈಲಿಗೆ ಬಂದು ಕೂತಿತ್ತು. ನನ್ನ ಕೋಣೆಯಿಂದ ವಾರ್ಡಿನ ಮಂಚದವರೆಗಿನ ಹಾದಿಯೇ ಅದಕ್ಕೆ ದೂರವಾಗಿತ್ತು.

ಅಂದು ಮಗುವನ್ನು ಸುಜಾತಾಳ ಎದೆಯ ಮೇಲೆ ಮಲಗಿಸಿದೆ. ಅವಳ ತಾಯಿ ಗಿರಿಜಮ್ಮ ಅಡ್ಡಬಂದರು.

“ಮಿಷನ್ ಇಟ್ಕೊಂಡು ಬಾಣಂತಿ ಮೇಲೆ ಹಾಕ್ತೀರಲ್ಲ ಡಾಕ್ಟ್ರೇ! ಮಗೂಗೆ ಏನಾದ್ರೂ ಆದ್ರೆ?”

ನನ್ನ ಓದೆಲ್ಲ ಆ ಪ್ರಶ್ನೆಯೆದುರು ಮಂಜಿನಂತೆ ತೆಳ್ಳಗಾಯಿತು. ಸಾವಿರಾರು ಮಕ್ಕಳಿಗೆ ಒಳಿತಾದದ್ದು ಈ ಒಂದು ಮಗುವಿಗೂ ಒಳಿತಾಗುತ್ತದೆಂದು ಆಣೆಯಿಟ್ಟು ಹೇಳುವುದು ಹೇಗೆ?

“ನಾನು ಇಲ್ಲೇ ಕೂತಿರ್ತೀನಮ್ಮ. ಮೈ ತಣ್ಣಗಾದ್ರೆ ನಾನೇ ಮಿಷನ್ನಿಗೆ ಹಾಕ್ತೀನಿ,” ಅಂದೆ.

ಮಧ್ಯಾಹ್ನದ ಹೊತ್ತಿಗೆ ಸುಜಾತಾಳ ಕಣ್ಣು ಮುಚ್ಚಿಮುಚ್ಚಿ ಬರುತ್ತಿತ್ತು. ಜಾವಳಿಯ ಕಾಫಿ ಎಸ್ಟೇಟೊಂದರಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರಾಗಿರುವ ಅವಳ ಗಂಡ ರಮೇಶ ಬಾಗಿಲ ಬಳಿ ನಿಂತಿದ್ದ. “ಅವ್ರು ಸ್ವಲ್ಪ ಮಲಗ್ಲಿ, ನೀವು ಎತ್ಕೊಳ್ಳಿ,” ಅಂದೆ.

“ನಾನಾ? ಗಂಡಸ್ರು ಎತ್ಕೊಂಡ್ರೂ ಆಗುತ್ತಾ ಮೇಡಂ?”

“ನಿಮ್ಮ ಮೈಯೂ ಬೆಚ್ಚಗೇ ಇದೆಯಲ್ಲ!”

ಅವನು ನಾಚುತ್ತಲೇ ಅಂಗಿ ಬಿಚ್ಚಿ ಒರಗಿ ಕೂತ. ಮೆತ್ತನೆಯ ಬಟ್ಟೆಯಲ್ಲಿ ಮಗುವನ್ನು ಅವನೆದೆಗೆ ಕಟ್ಟಿದೆ. ಉಸಿರು ಬಿಗಿಹಿಡಿದಿದ್ದವನು ಮೆಲ್ಲಗೆ ಸಡಿಲಾದ. ಅವನೆದೆ ಏರಿದಾಗ ಮಗುವೂ ಏರುತ್ತಿತ್ತು, ಇಳಿದಾಗ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ನನ್ನ ಉಸಿರೂ ಅದೇ ಲಯಕ್ಕೆ ಬಂದುಬಿಟ್ಟಿತು. ಬಹಳ ಹೊತ್ತಿನ ಮೇಲೆ ಗಿರಿಜಮ್ಮ ಬಟ್ಟೆಯೊಳಗೆ ಬೆರಳು ತೂರಿಸಿ ಮೊಮ್ಮಗಳ ಪಾದ ಮುಟ್ಟಿದರು.

“ಬೆಚ್ಚಗಾಗಿದ್ಯಲ್ಲೇ,” ಅಂದರು, ತಮಗಷ್ಟೇ ಎಂಬಂತೆ.

ಮರುದಿನ ಅವರೇ ಸೆರಗು ಸರಿಸಿಕೊಂಡು, “ನಂಗೂ ಕೊಡಿ ಸ್ವಲ್ಪ,” ಎಂದು ಸರದಿಗೆ ನಿಂತರು. ಮಗು ಹಾಲು ಹೀರಲು ಕಲಿಯಿತು, ನಿಧಾನಕ್ಕೆ ತೂಕ ಹಿಡಿಯಿತು.

ಅವರು ಮನೆಗೆ ಹೊರಡುವ ದಿನ ಪಕ್ಕದ ಮಂಚಕ್ಕೆ ಇನ್ನೊಬ್ಬ ಎಳೆಯ ತಾಯಿ ಬಂದಿದ್ದಳು; ಅವಳ ಮಗುವೂ ಅಷ್ಟೇ ಸಣ್ಣದು. ಹೇಗೆ ವಿವರಿಸಲೆಂದು ಮಾತು ಜೋಡಿಸಿಕೊಳ್ಳುತ್ತ ನಾನು ಬಾಗಿಲಿಗೆ ಬರುವಷ್ಟರಲ್ಲಿ ಗಿರಿಜಮ್ಮ ಅವಳ ಪಕ್ಕ ಕೂತಾಗಿತ್ತು.

“ಹೆದರ್ಬೇಡ, ಎದೆ ಮೇಲೆ ಮಲಗಿಸ್ಕೋ. ನಮ್ಮ ಕಡೆ ಹಿಂದಿನಿಂದ್ಲೂ ಹಿಂಗೇ ಮಾಡೋದು ಮಾರಾಯ್ತಿ!”

ಆ ಹುಡುಗಿ ಮಗುವನ್ನು ಎದೆಗೊರಗಿಸಿಕೊಂಡಳು. ನಾನು ಸದ್ದಿಲ್ಲದೆ ಹಿಂದೆ ಸರಿದೆ.