ಸಾಲಿನ ಕೊನೆಯ ಜೋಡು

ಹೋದ ಚಳಿಗಾಲದಲ್ಲಿ ಚಿಕ್ಕೋಡಿಯ ನಮ್ಮ ಮನೆಗೆ ಸುಣ್ಣ ಹಚ್ಚಿಸಲೆಂದು ಅಟ್ಟದ ಸಾಮಾನನ್ನೆಲ್ಲ ಇಳಿಸಿದೆವು. ತಗಡಿನ ಟ್ರಂಕಿನ ಮುಚ್ಚಳ ತೆಗೆದೊಡನೆ ಹದ ಮಾಡಿದ ಚರ್ಮ ಮತ್ತು ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಹನ್ನೆರಡು ವರ್ಷ ಮುಚ್ಚಿಟ್ಟಿದ್ದ ಟ್ರಂಕು ಅದು. ಒಳಗಿದ್ದ ಚಪ್ಪಲಿಗೆ ಅಷ್ಟು ವರ್ಷ ಯಾರೂ ಎಣ್ಣೆ ಹಚ್ಚಿರಲಿಲ್ಲ, ಆದರೂ ನಿನ್ನೆ ಸಂಜೆ ಹಚ್ಚಿ ಒಣಗಲು ಇಟ್ಟಂತಿತ್ತು...

ನನ್ನ ಹೆಂಡತಿ ಒಂದನ್ನು ಎತ್ತಿ ಮಗುಚಿ ನೋಡಿದಳು. "ಎರಡ ವಾರ ಮೆಟ್ಟೀನಿ ಅಂತ ಹೇಳತಿದ್ರಿ. ಹಿಮ್ಮಡಿ ನೋಡ್ರಿ ಹೆಂಗ ಸವದಾವು" ಅಂದಳು. ನಾನು ನೋಡಿದೆ. ಹತ್ತಾರು ವರ್ಷ ಡಾಂಬರು ರಸ್ತೆ ತುಳಿದ ಹಾಗೆ ಹಿಮ್ಮಡಿ ಓರೆಯಾಗಿ ತೆಳ್ಳಗಾಗಿತ್ತು.

ಅವು ಕಾಕಾ ಮಾಡಿಕೊಟ್ಟ ಚಪ್ಪಲಿಗಳು. ಅವರು ನನಗೆ ಸಂಬಂಧಿಕರೇನಲ್ಲ. ಆಗ ನಾವಿದ್ದ ಕೃಷ್ಣೆಯ ದಂಡೆಯ ಊರಿಗೆಲ್ಲ ಕಾಕಾ. ಅಥಣಿ ಕಡೆಯಿಂದ ಬಂದು ನೆಲೆಸಿದ್ದ ಚಪ್ಪಲಿ ಕೆಲಸದವರು. ನಾನು ಆಗ ಶಿರಗುಪ್ಪಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ತೂಗುವ ಕಾಟಾದ ಮೇಲೆ ಗುಮಾಸ್ತನಾಗಿದ್ದೆ. ಕೂತಲ್ಲೇ ಕೆಲಸ, ಕೂತಲ್ಲೇ ಊಟ. ಸಕ್ಕರೆ ಕಾರ್ಖಾನೆಯವನಿಗೆ ಮೂವತ್ತೆರಡಕ್ಕೇ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಓಡು ಅಂದರು. ಹೆಂಡತಿ ಅದನ್ನೇ ಹಿಡಿದುಕೊಂಡಳು.

ಆ ಊರಿನ ನಿವೃತ್ತ ಫೌಜಿಯೊಬ್ಬರು ಓಟದ ಸಂಘ ಕಟ್ಟಿದ್ದರು. ಪ್ರತಿ ರವಿವಾರ ಬೆಳಗಾಗುವ ಹೊತ್ತಿಗೆ ಊರ ಹೊರಗಿನ ಬೇವಿನ ಕಟ್ಟೆಯಿಂದ ಪಂದ್ಯ ಶುರು. ಕಬ್ಬಿನ ಹೊಲಗಳ ನಡುವಿನ ರಸ್ತೆ ಹಿಡಿದು ಕೃಷ್ಣೆಯ ದಂಡೆಯ ಕಲ್ಲು ಮುಟ್ಟಿ ತಿರುಗಿ ಬರಬೇಕು. ಗೆದ್ದವರಿಗೆ ಒಂದು ತೆಂಗಿನಕಾಯಿ. ಹುಡುಗರು, ಮಾಸ್ತರರು, ರೈತರು ಎಲ್ಲ ಬರುತ್ತಿದ್ದರು. ಬೂಟು ಇದ್ದವರು ಬೂಟಿನಲ್ಲಿ, ಇಲ್ಲದವರು ಬರಿಗಾಲಲ್ಲಿ. ಮೆಟ್ಟಿ ಬಂದ ಚಪ್ಪಲಿಗಳನ್ನು ಕಟ್ಟೆಯ ಕೆಳಗೆ ಒಂದೇ ಸಾಲಿನಲ್ಲಿ ಬಿಡಬೇಕು. ಹೆಸರು ಬರೆದುಕೊಳ್ಳುವ ಪದ್ಧತಿ ಇರಲಿಲ್ಲ. ಆ ಸಾಲೇ ನಮ್ಮ ಹಾಜರಿ. ಓಡಿ ಬಂದವನು ತನ್ನ ಜೋಡು ಮೆಟ್ಟಿಕೊಂಡು ಹೋಗುತ್ತಿದ್ದ. ಜೋಡು ಉಳಿದಿದ್ದರೆ ಮನುಷ್ಯ ಇನ್ನೂ ರಸ್ತೆಯ ಮೇಲಿದ್ದಾನೆಂದು ಅರ್ಥ.

ಆ ಪದ್ಧತಿ ಹಾಕಿದವರು ಕಾಕಾ. ಊರಿನ ಅರ್ಧಕ್ಕರ್ಧ ಚಪ್ಪಲಿ ಅವರ ಕೈಯಲ್ಲೇ ಆದವು, ಹಾಗಾಗಿ ಯಾವುದು ಯಾರದೆಂದು ಅವರಿಗೆ ಕೇಳದೆಯೇ ತಿಳಿಯುತ್ತಿತ್ತು. ಬರಿಗಾಲಲ್ಲಿ ಎಲ್ಲರ ಹಿಂದೆ ಓಡುತ್ತಿದ್ದರು, ಯಾರೂ ದಾರಿಯಲ್ಲಿ ಉಳಿಯಬಾರದೆಂದು. ಅವರ ಸ್ವಂತ ಜೋಡು ಸಾಲಿನ ತುದಿಗೆ, ಎಲ್ಲರದು ಖಾಲಿಯಾದ ಮೇಲೆ ಅವರು ತಮ್ಮದನ್ನು ಮೆಟ್ಟುತ್ತಿದ್ದರು. ಕಡೆಯಿಂದ ಎರಡನೆಯವನು ಯಾವಾಗಲೂ ನಾನೇ. ಹೀಗಾಗಿ ವಾರ ವಾರ ಆ ರಸ್ತೆಯಲ್ಲಿ ನನಗೆ ಸಿಕ್ಕ ಜೊತೆ ಅವರದೊಂದೇ.

ನೀವು ಇಷ್ಟು ಸಲೀಸಾಗಿ ಓಡುತ್ತೀರಿ, ಮುಂದೆ ಹೋಗಿ ಕಾಯಿ ಹೊಡೆಯಬಾರದೇ ಎಂದು ಒಮ್ಮೆ ಕೇಳಿದ್ದೆ. ಮನೆಯಲ್ಲಿ ಕಾಯಿಗೆ ಬರವಿಲ್ಲ ಎಂದು ನಕ್ಕರು. ಸ್ವಲ್ಪ ದೂರ ಬಂದ ಮೇಲೆ, "ನೀವ್ ನಡೀರಿ ಕಾಟಾ ಸಾಹೇಬ್ರ. ನಾ ಹಿಂದ ಅದೀನಿ" ಅಂದರು. ಅದು ಅವರ ಮಾಮೂಲಿ ಮಾತು. ನನ್ನ ಉಸಿರು ಕಟ್ಟಿದಾಗಲೆಲ್ಲ ಹಿಂದಿನಿಂದ ಅದೇ ಮಾತು ಬರುತ್ತಿತ್ತು.

ಮೊದಲ ಸಲ ಎಲ್ಲೂ ಕೂರದೆ ಓಟ ಮುಗಿಸಿದ ವಾರ ಅವರು ನನ್ನ ಅಳತೆ ತೆಗೆದುಕೊಂಡರು. ಅಟ್ಟೆಯ ಎರಡು ಪದರದ ನಡುವೆ ಅದೆಂಥದೋ ಬೀಜ ಇಟ್ಟು ಹೊಲಿದು ಕೊಟ್ಟರು. ಹೆಜ್ಜೆಗೊಮ್ಮೆ ಕರ್ ಕರ್ ಎನ್ನುವ ಚಪ್ಪಲಿ, ಗತ್ತಿನ ಗೌಡರು ಮೆಟ್ಟುವಂಥದು. "ಓಡೂದು ಕಲ್ತ್ರಿ. ಇನ್ನ ನಡಿಯೂದರೆ ನಾಕ ಮಂದಿಗೆ ಕೇಳಲಿ" ಅಂದರು. ನಾನು ಎರಡು ವಾರ ಕಾರ್ಖಾನೆ ತುಂಬ ಕರ್ ಕರ್ ಎಂದು ತಿರುಗಾಡಿ ಎಲ್ಲರ ತಲೆ ಚಿಟ್ಟು ಹಿಡಿಸಿದೆ.

ಮೂರನೆಯ ರವಿವಾರ ದಟ್ಟ ಮಂಜು. ಮಾರು ದೂರದ ಕಬ್ಬು ಕಾಣುತ್ತಿರಲಿಲ್ಲ. ಹೋಗುವಾಗ ಒಬ್ಬ ಹುಡುಗನ ಕಾಲು ಹಿಡಿದುಕೊಂಡಿತೆಂದು ಕಾಕಾ ಅವನ ಹತ್ತಿರ ನಿಂತರು, ನನಗೆ ಮುಂದೆ ಹೋಗಲು ಕೈ ಮಾಡಿದರು. ನಾನು ದಂಡೆಯ ಕಲ್ಲು ಮುಟ್ಟಿ ತಿರುಗುವಷ್ಟರಲ್ಲಿ ಕಬ್ಬು ಇಳಿಸಿ ಬಂದ ಟ್ರ್ಯಾಕ್ಟರೊಂದು ಅಡ್ಡದಾರಿಯಿಂದ ಬಂತು. ಚಾಲಕ ಕಾಟಾದ ಪರಿಚಯದವನು, ಬರ್ರಿ ಸಾಹೇಬ್ರ ಎಂದ. ಮನೆಗೆ ಅತ್ತೆ ಮಾವ ಬಂದಿದ್ದರು, ಚುರುಮುರಿಯ ಬಿಸಿ ಬಿಸಿ ಸುಸಲಾ ಆಗುವ ಹೊತ್ತು. ಹತ್ತಿ ಕೂತೆ. ಹಿಂಬದಿಯ ದಾರಿಯಿಂದ ಸೀದಾ ಮನೆ ಬಾಗಿಲಿಗೆ ಇಳಿದೆ. ಚಪ್ಪಲಿ ಕಟ್ಟೆಯ ಕೆಳಗಿದೆ ಎಂಬುದು ನೆನಪಿಗೆ ಬಂತು. ಬಂತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆಗೆ ತಂದರಾಯಿತೆಂದು ಉಂಡು ಮಲಗಿದೆ.

ಹೆಂಡತಿ ಎಬ್ಬಿಸಿದಾಗ ಮಧ್ಯಾಹ್ನ ದಾಟಿತ್ತು. ಕಾಕಾ ಹೋಗಿಬಿಟ್ಟಿದ್ದರು.

ನಡೆದದ್ದು ಆಮೇಲೆ ಒಬ್ಬೊಬ್ಬರ ಬಾಯಿಂದ ತಿಳಿಯಿತು. ಕಾಲು ಹಿಡಿದ ಹುಡುಗನನ್ನು ಕಾಕಾ ಅಲ್ಲಿಂದಲೇ ಕಟ್ಟೆಗೆ ವಾಪಸ್ ಕರೆತಂದಿದ್ದರು. ಎಲ್ಲರೂ ಬಂದ ಮೇಲೆ ಸಾಲಿನಲ್ಲಿ ಎರಡು ಜೋಡು ಉಳಿದಿದ್ದವು, ನನ್ನದು ಮತ್ತು ಅವರದು. ನಾನು ಬೂಟು ಕಚ್ಚಿ ಕಾಲು ಬೊಬ್ಬೆಯೆದ್ದು ಎಲ್ಲೋ ಕೂತಿರಬೇಕೆಂದು ಕಾಕಾ ನನ್ನ ಜೋಡನ್ನು ತಾವು ಮೆಟ್ಟಿಕೊಂಡು ಹೊರಟರಂತೆ, ಸಿಕ್ಕಲ್ಲಿ ನನಗೆ ಕೊಡಲು. ರಸ್ತೆಯ ಮೇಲೆ ಮನುಷ್ಯ ಇದ್ದಾನೆಂದು ತಿಳಿಯಲು ತಮ್ಮದನ್ನು ಸಾಲಿನಲ್ಲೇ ಬಿಟ್ಟರು. ಒಂಬತ್ತಕ್ಕೆ ಫೌಜಿ ಕಟ್ಟೆಗೆ ಬಂದಾಗ ನನ್ನ ಜೋಡು ಇರಲಿಲ್ಲ, ಹಾಗಾಗಿ ನಾನು ಮನೆ ಮುಟ್ಟಿದೆನೆಂದುಕೊಂಡರು. ಕಾಕಾನ ಜೋಡು ಹೇಗೂ ಕಡೆಯತನಕ ಇರುವಂಥದು. ಇಲ್ಲೇ ಎಲ್ಲೋ ಚಹಾಕ್ಕೆ ಹೋಗಿದ್ದಾರೆಂದು ಅವರೂ ಮನೆಗೆ ಹೋದರು.

ಕಾಕಾ ದಂಡೆಯ ಕಲ್ಲಿಗೆ ಬೆನ್ನು ಕೊಟ್ಟು ಕೂತಿದ್ದರಂತೆ. ಎದೆ ಒಡೆದಿತ್ತು. ಜೀವ ಹೋಗಿದ್ದು ಎಂಟರ ಸುಮಾರಿಗೆ ಎಂದು ಡಾಕ್ಟರು ಹೇಳಿದರು. ಆದರೆ ಅಲ್ಲಿ ಕಬ್ಬು ಕಡಿಯುತ್ತಿದ್ದ ಗ್ಯಾಂಗಿನ ಹೆಂಗಸರು ಒಪ್ಪಲಿಲ್ಲ. ಕಬ್ಬಿನೊಳಗೆ ಕರ್ ಕರ್ ಎನ್ನುವ ಹೆಜ್ಜೆ ಹನ್ನೆರಡರವರೆಗೂ ತಿರುಗುತ್ತಿತ್ತು, ಸಾಹೇಬ್, ಓ ಸಾಹೇಬ್ ಎಂದು ಯಾರೋ ಕೂಗುತ್ತಲೇ ಇದ್ದರು ಎಂದು ಮರಾಠಿಯಲ್ಲಿ ಆಣೆ ಮಾಡಿ ಹೇಳಿದರು. ಆ ಹೊತ್ತಿಗೆ ನಾನು ಗೊರಕೆ ಹೊಡೆಯುತ್ತಿದ್ದೆ...

ಮೂರನೆಯ ದಿನ ಅವರ ಮನೆಗೆ ಹೋದೆ. ಗೋಡೆಯ ಬುದ್ಧನ ಫೋಟೋದ ಕೆಳಗೆ ಕಾಕಿ ಕೂತಿದ್ದರು. ಎದ್ದು ಒಳಗೆ ಹೋಗಿ ನನ್ನ ಚಪ್ಪಲಿಗಳನ್ನು ಒರೆಸಿ ತಂದು ನನ್ನ ಮುಂದೆ ಇಟ್ಟರು.

"ನಿಮ್ಮನ್ನ ಹುಡುಕ್ಕೋತ ಹೋಗಿದ್ರು ರೀ. ನೀವು ಸಿಕ್ಕಿದ್ರಿ ಹೌದಿಲ್ರಿ ಅವರಿಗೆ?"

ನಾನು ತಲೆ ಎತ್ತಲಿಲ್ಲ. "ಹೌದ್ರಿ ಕಾಕಿ. ಸಿಕ್ಕಿದ್ದೆ" ಅಂದೆ.

ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಅಷ್ಟಾದರೂ ಆಯಿತಲ್ಲ ಎಂದರು. ಅವರಿಗೆ ಸಮಾಧಾನವಾಗಲೆಂದು ಸುಳ್ಳು ಹೇಳಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ನನ್ನ ಮರ್ಯಾದೆ ಉಳಿಸಿಕೊಳ್ಳಲು ಹೇಳಿದ್ದು.

ಆಮೇಲೆ ನಾಲ್ಕು ರವಿವಾರ ಓಡಿದೆ. ಈಗ ಕೊನೆಯವನು ನಾನೇ, ನನ್ನ ಹಿಂದೆ ಯಾರೂ ಇರಲಿಲ್ಲ. ಆ ಚಪ್ಪಲಿಗಳು ಮನೆಯಲ್ಲಿ ಟ್ರಂಕಿನೊಳಗಿದ್ದವು. ಆದರೂ ದಂಡೆಯ ಕಲ್ಲು ದಾಟಿ ತಿರುಗಿದೊಡನೆ ಹಿಂದೆ ಕರ್ ಕರ್ ಶುರುವಾಗುತ್ತಿತ್ತು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಮಂಜು, ಕಬ್ಬು. ಐದನೆಯ ವಾರ ಹೋಗಲಿಲ್ಲ. ಅರ್ಜಿ ಕೊಟ್ಟು ಬೇರೆ ಕೆಲಸ ಹಿಡಿದು ಚಿಕ್ಕೋಡಿಗೆ ಬಂದೆ. ಇಲ್ಲಿಯೂ ಮುಂಜಾನೆ ಹಾಲಿಗೆ ಹೋದಾಗ, ಖಾಲಿ ಗಲ್ಲಿಯಲ್ಲಿ, ಹತ್ತು ಹೆಜ್ಜೆ ಹಿಂದೆ ಅದೇ ಸದ್ದು. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಮೊದಲಿನಿಂದ ಹೇಳಬೇಕಾಗುತ್ತಿತ್ತು. ಕೆಲವು ವರ್ಷಗಳಾದ ಮೇಲೆ ಹೆದರಿಕೆ ಸವೆಯಿತು. ನಾನು ಬೇಗ ನಡೆದರೆ ಪಾಪ ಅವರಿಗೂ ಬೇಗ ನಡೆಯಬೇಕಾಗುತ್ತದೆಂದು ನಿಧಾನ ನಡೆಯತೊಡಗಿದೆ.

ಸವೆದ ಹಿಮ್ಮಡಿ ನೋಡಿದ ಮೇಲೆ ಮಾತ್ರ ತಡೆಯಲಾಗಲಿಲ್ಲ. ಅವರು ಇನ್ನೂ ಹುಡುಕುತ್ತಲೇ ಇದ್ದರು. ಆ ರವಿವಾರವೇ ಚಪ್ಪಲಿ ಚೀಲದಲ್ಲಿ ಹಾಕಿಕೊಂಡು ಆ ಊರಿಗೆ ಹೋದೆ. ಕಾಕಿ ತೀರಿಕೊಂಡು ಎರಡು ವರ್ಷವಾಗಿತ್ತು. ಬೇವಿನ ಕಟ್ಟೆ ಹಾಗೇ ಇತ್ತು. ತೋಳಿಗೆ ಮೊಬೈಲ್ ಕಟ್ಟಿಕೊಂಡ ಹುಡುಗರು ಈಗಲೂ ಚಪ್ಪಲಿಗಳನ್ನು ಒಂದೇ ಸಾಲಿನಲ್ಲಿ ಬಿಡುತ್ತಿದ್ದರು. ಯಾರು ಹಾಕಿದ ಪದ್ಧತಿ ಎಂದು ಕೇಳಿದೆ, ಮೊದಲಿನಿಂದ ಹಿಂಗ ಐತ್ರಿ ಅಂದರು.

ನನ್ನ ಜೋಡನ್ನು ತುದಿಗೆ ಬಿಟ್ಟು ಹೊರಟೆ. ಓಡಲಾಗಲಿಲ್ಲ, ನಡೆದೆ. ಕಲ್ಲು ಮುಟ್ಟಿ ತಿರುಗಿದಾಗ ಹಿಂದೆ ಕರ್ ಕರ್ ಬಂತು. ಕಟ್ಟೆಯವರೆಗೂ ಜೊತೆಗೇ ಬಂತು. ಅಲ್ಲಿ ಸಾಲು ಖಾಲಿಯಾಗಿತ್ತು, ನನ್ನದೊಂದೇ ಉಳಿದಿತ್ತು. ಬೂಟು ಬಿಚ್ಚಿ ಮೆಟ್ಟಿಕೊಂಡೆ.

"ಕಾಕಾ, ನಾ ಬಂದೀನ್ರಿ. ಅವತ್ತ ಟ್ರ್ಯಾಕ್ಟರ್ ಹತ್ತಿ ಮನೀಗೆ ಹೋಗಿದ್ದೆ. ನಿಮಗ ಹೇಳಲಿಲ್ಲ" ಅಂದೆ.

ಬೇವಿನ ಒಂದೆರಡು ಎಲೆ ಬಿದ್ದವು, ಅಷ್ಟೇ. ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಕಾಲಲ್ಲಿದ್ದ ಚಪ್ಪಲಿ ಸದ್ದು ಮಾಡಲಿಲ್ಲ, ಹಿಂದೆಯೂ ಸದ್ದಿರಲಿಲ್ಲ.

ಈಗ ಅವನ್ನು ದಿನವೂ ಮೆಟ್ಟುತ್ತೇನೆ. ಒತ್ತಿ ಒತ್ತಿ ನಡೆದರೂ ಕರ್ ಅನ್ನುವುದಿಲ್ಲ. ಅವರನ್ನು ಮನೆಗೆ ಕಳಿಸಿದೆನಲ್ಲ ಎಂದು ಒಮ್ಮೊಮ್ಮೆ ಹಗುರಾಗುತ್ತದೆ. ಒಮ್ಮೊಮ್ಮೆ, ಹೇಳದೇ ಇದ್ದಿದ್ದರೆ ಇನ್ನೂ ಇರುತ್ತಿದ್ದರೇನೋ ಅನ್ನಿಸಿ ಸಂಕಟವಾಗುತ್ತದೆ. ಇವತ್ತು ಬೆಳಿಗ್ಗೆ ಹಾಲಿಗೆ ಹೋದಾಗಲೂ ಗಲ್ಲಿಯ ನಡುವೆ ನಿಂತು ಕಾದೆ... ಹನ್ನೆರಡು ವರ್ಷ ನನ್ನ ಹಿಂದೆ ಒಬ್ಬರಿದ್ದರು. ಈಗ ಯಾರೂ ಇಲ್ಲ.